ಜಾರಿದ್ದು ಕಾರು, ಹೊಣೆ ಯಾರದು?

ವಾಟರ್ಲೂ, ಒಂಟಾರಿಯೊ, ಕೆನಡಾ
ಡಿಸೆಂಬರ್ 8

ತೀರ್ಥರೂಪರಾದ ಅಪ್ಪನವರಿಗೂ ಮಾತೃಶ್ರೀ ಅಮ್ಮನವರಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲರೂ ಕ್ಷೇಮ.

ನಮ್ಮ ಪಕ್ಕದ ಮನೆಯ ಅಜ್ಜಿಗೆ ಕಾರು ತಾಗಿ ಮಣಿಕಟ್ಟು ಮುರಿದ ಸಂಗತಿಯನ್ನು ಭಾನುವಾರ ಫೋನಿನಲ್ಲಿ ಹೇಳಿದಾಗ, ಅಪ್ಪ, ನೀವು ಕೇಳಿದಿರಿ: "ರಸ್ತೆಯೇ ಜಾರಿದರೆ ಡ್ರೈವರನ ತಪ್ಪೇನಮ್ಮ?" ಮೂವತ್ತು ವರ್ಷ ಕೋರ್ಟಿನ ಕಡತಗಳ ನಡುವೆಯೇ ಕಳೆದ ನಿಮಗೆ ಗಡಿಬಿಡಿಯ ಉತ್ತರ ಕೊಡಲು ಮನಸ್ಸಾಗಲಿಲ್ಲ. ಜನವರಿಯಲ್ಲಿ ನೀವಿಬ್ಬರೂ ಇದೇ ರಸ್ತೆಗಳಲ್ಲಿ ನಡೆಯಬೇಕಾದವರು. ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಅಜ್ಜಿ ನಡೆದಾಡುವವರ ಸಿಗ್ನಲ್ ಬಂದ ಮೇಲೆಯೇ ರಸ್ತೆ ದಾಟುತ್ತಿದ್ದರು. ಕೆಂಪು ದೀಪವಿದ್ದರೂ ಪೂರ್ತಿ ನಿಂತು, ದಾಟುವವರಿಗೆ ದಾರಿ ಬಿಟ್ಟು, ಆಮೇಲೆ ಬಲಕ್ಕೆ ತಿರುಗಲು ಇಲ್ಲಿ ಅವಕಾಶವಿದೆ. ಆ ಕಾರು ನಿಲ್ಲಬೇಕಾದಲ್ಲಿ ನಿಲ್ಲದೆ ಜಾರಿಕೊಂಡು ಬಂತು. "ಬ್ರೇಕ್ ಒತ್ತಿದೆ, ಗಾಡಿ ಹಿಡಿಯಲಿಲ್ಲ" ಎಂದು ಚಾಲಕ ಮತ್ತೆ ಮತ್ತೆ ಹೇಳುತ್ತಿದ್ದ. ಅದು ಸುಳ್ಳೂ ಇರಲಾರದು. ಆದರೆ ಅವನು ಮುಂಗಾಜಿನ ಮೇಲಿನ ಹಿಮವನ್ನು ಒಂದು ದೋಸೆಯಗಲ ಮಾತ್ರ ಕೆರೆದು, ಆ ಕಿಂಡಿಯಲ್ಲಿ ನೋಡಿಕೊಂಡು ಮನೆಯಿಂದ ಹೊರಟಿದ್ದ. ಅದನ್ನು ಕಂಡ ಮೇಲೆ ಅವನ ಮೇಲಿದ್ದ ನನ್ನ ಕನಿಕರ ಅರ್ಧ ಇಳಿಯಿತು.

ಒಂಟಾರಿಯೊದ ಹೈವೇ ಟ್ರಾಫಿಕ್ ಆಕ್ಟ್‌ನ 193ನೆಯ ಕಲಮು ನಿಮಗೆ ಕುತೂಹಲಕರವೆನಿಸಬಹುದು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಡಿ ಪರಿಹಾರ ಕೇಳುವವರು ಚಾಲಕನ ನಿರ್ಲಕ್ಷ್ಯವನ್ನು ತೋರಿಸಿಕೊಡಬೇಕಷ್ಟೆ? ಇಲ್ಲಿ ವಾಹನ ತಾಗಿ ಪಾದಚಾರಿಗೆ ಪೆಟ್ಟಾದರೆ, ತನ್ನ ನಿರ್ಲಕ್ಷ್ಯದಿಂದ ಹಾಗಾಗಲಿಲ್ಲವೆಂದು ಸಾಬೀತುಪಡಿಸುವ ಭಾರ ಚಾಲಕನ ಮತ್ತು ವಾಹನದ ಮಾಲೀಕನ ಮೇಲೆಯೇ ಬೀಳುತ್ತದೆ. ಎರಡು ವಾಹನಗಳು ಪರಸ್ಪರ ಡಿಕ್ಕಿಯಾದಾಗ ಈ ನಿಯಮ ಅನ್ವಯಿಸುವುದಿಲ್ಲ. ಹಾಗಾಗಿ "ಹಿಮವಿತ್ತು" ಎಂದರೆ ಉತ್ತರ ಮುಗಿಯುವುದಿಲ್ಲ, ಅಲ್ಲಿಂದಲೇ ಪ್ರಶ್ನೆಗಳು ಶುರುವಾಗುತ್ತವೆ: ಹಿಮವಿದೆಯೆಂದು ಗೊತ್ತಿದ್ದೂ ವೇಗವನ್ನು ಎಷ್ಟಕ್ಕೆ ಇಳಿಸಿದ್ದೆ, ಗಾಜು ಸ್ವಚ್ಛವಾಗಿತ್ತೇ, ಚಕ್ರಕ್ಕೆ ಯಾವ ಟೈರು ಹಾಕಿದ್ದೆ? ಇವಕ್ಕೆಲ್ಲ ಸಮರ್ಪಕವಾಗಿ ಉತ್ತರಿಸಬಲ್ಲ ಚಾಲಕ ಹೊಣೆಯಿಂದ ಪಾರಾಗಲೂಬಹುದು. ಪಾದಚಾರಿಯ ಅಜಾಗರೂಕತೆ ಕಂಡುಬಂದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತವಾಗಲೂಬಹುದು. ಅಜಾಗರೂಕ ಚಾಲನೆಯಿಂದ ಗಾಯವೋ ಸಾವೋ ಆದರೆ ವಿಧಿಸುವ ಶಿಕ್ಷೆ 2018ರಿಂದ ಬಿಗಿಯಾಗಿದ್ದು, ದಂಡವೇ 2,000ದಿಂದ 50,000 ಡಾಲರ್, ಜೈಲು ಎರಡು ವರ್ಷದವರೆಗೆ.

ಟೈರಿನ ವಿಷಯದಲ್ಲಿ ಮಾತ್ರ ಈ ಪ್ರಾಂತ್ಯದ ಧೋರಣೆ ನನಗೆ ಸರಿಕಾಣುವುದಿಲ್ಲ. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟೈರಿನ ರಬ್ಬರು ಬಿರುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಪಕ್ಕದ ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಇಲ್ಲಿ ಅದು ಅವರವರ ಇಷ್ಟಕ್ಕೆ ಬಿಟ್ಟದ್ದು. ಚಾಲಕನ ಇಷ್ಟಕ್ಕೆ ಅಜ್ಜಿಯ ಮಣಿಕಟ್ಟು ಬೆಲೆ ತೆತ್ತಿತು.

ಅಪ್ಪ, ಪುರಸಭೆಯ ಹೊಣೆ ಏನೆಂದೂ ನೀವು ಕೇಳಿಯೇ ಕೇಳುತ್ತೀರಿ. ಕಾಲುದಾರಿಯ ಮೇಲಿನ ಹಿಮದಲ್ಲಿ ಜಾರಿ ಬಿದ್ದರೆ, ಘೋರ ನಿರ್ಲಕ್ಷ್ಯವಿದ್ದಾಗ ಮಾತ್ರ ಪುರಸಭೆ ಹೊಣೆಯಾಗುತ್ತದೆ. ಅದಕ್ಕೂ ಸಾಮಾನ್ಯವಾಗಿ 10 ದಿನಗಳೊಳಗೆ ಲಿಖಿತ ನೋಟಿಸು ಕೊಡಬೇಕು. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ನೆಲ್ಸನ್ ಎಂಬ ಊರಿನಲ್ಲಿ 2015ರ ಜನವರಿಯಲ್ಲಿ ನಗರಸಭೆಯವರು ಹಿಮವನ್ನು ರಸ್ತೆಯಂಚಿಗೆ ಒಡ್ಡಿನಂತೆ ಪೇರಿಸಿ, ಕಾರು ನಿಲ್ಲಿಸಿದವರು ಕಾಲುದಾರಿಗೆ ಹೋಗಲು ದಾರಿಯನ್ನೇ ಬಿಟ್ಟಿರಲಿಲ್ಲ. ಆ ಒಡ್ಡನ್ನು ದಾಟಲು ಹೋದ ಮಹಿಳೆಯೊಬ್ಬರ ಕಾಲಿಗೆ ತೀವ್ರ ಪೆಟ್ಟಾಯಿತು. ಅದು ತನ್ನ ನೀತಿನಿರ್ಧಾರವಾದ್ದರಿಂದ ದಾವೆಗೆ ಒಳಪಡದೆಂಬ ನಗರಸಭೆಯ ವಾದವನ್ನು 2021ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ನಮ್ಮ ಬೀದಿಯಲ್ಲೂ ಅಂಥ ಒಡ್ಡುಗಳು ಏಳುತ್ತವೆ. ಅವುಗಳ ಹಿಂದೆ ನಿಂತ ಮಗುವಾಗಲಿ, ಅಮ್ಮನಷ್ಟು ಎತ್ತರದವರಾಗಲಿ ಚಾಲಕನಿಗೆ ಕಾಣುವುದಿಲ್ಲ. ಆದ್ದರಿಂದ ಒಡ್ಡಿನ ಮರೆಯಿಂದ ನೇರವಾಗಿ ರಸ್ತೆಗಿಳಿಯಬೇಡಿ. ಬರುತ್ತಿರುವ ಕಾರು ಪೂರ್ತಿ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಹೆಜ್ಜೆಯಿಡಿ. ಕಾಲುದಾರಿಯೇ ಇಲ್ಲದ ಕಡೆ ರಸ್ತೆಯ ಎಡಬದಿಯಲ್ಲಿ ನಡೆಯಿರಿ. ಇಲ್ಲಿ ವಾಹನಗಳು ಬಲಬದಿಯಲ್ಲಿ ಓಡುವುದರಿಂದ ಅವು ನಿಮ್ಮ ಎದುರಿಗೆ ಬರುತ್ತವೆ. ಕಣ್ಣಿಗೆ ಕಾಣದ ತೆಳುವಾದ ಮಂಜುಗಡ್ಡೆಯ ಮೇಲೆ, ಮಳೆಗಾಲದಲ್ಲಿ ಹಾವಸೆ ಕಟ್ಟಿದ ನಮ್ಮ ಅಂಗಳದಲ್ಲಿ ನಡೆಯುವ ಹಾಗೆ ಪಾದವನ್ನು ಪೂರ್ತಿ ಊರಿ, ಪುಟ್ಟ ಪುಟ್ಟ ಹೆಜ್ಜೆ ಇಟ್ಟರಾಯಿತು. ಈ ವಿದ್ಯೆಯನ್ನು ಅಮ್ಮನಿಗೆ ಯಾರೂ ಕಲಿಸಬೇಕಾಗಿಲ್ಲ. ಅಡಿಕೆ ದಬ್ಬೆ ಹಾಸಿಕೊಳ್ಳುವ ಅನುಕೂಲ ಮಾತ್ರ ಇಲ್ಲಿಲ್ಲ.

ಈಗ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಕಪ್ಪು ಕೋಟು ಬೇಗ ಕೊಳೆ ಕಾಣುವುದಿಲ್ಲವೆಂದು ಅಮ್ಮ ಹೇಳಿದ್ದು ನಿಜವಾದರೂ, ಆ ಹೊತ್ತಿನಲ್ಲಿ ಕೋಟು ತೊಟ್ಟವರೂ ಕಾಣುವುದಿಲ್ಲ. ನಾನು ಹಳದಿ ಬಣ್ಣದ್ದನ್ನೇ ಕೊಂಡು, ತೋಳಿಗೆ ಬೆಳಕು ಬಿದ್ದರೆ ಹೊಳೆಯುವ ಪಟ್ಟಿ ಹೊಲಿಸಬೇಕೆಂದಿದ್ದೇನೆ. ಅಮ್ಮನ ಭುಜದಿಂದ ಮಣಿಕಟ್ಟಿನವರೆಗಿನ ಅಳತೆಯನ್ನು, ಒಳಗೆ ಸ್ವೆಟರ್ ಹಾಕಿಕೊಂಡೇ ಅಳೆದು, ಈ ವಾರದೊಳಗೆ ತಿಳಿಸಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು