ಸಂಪಾದಕೀಯ: ದೊಡ್ಡಜ್ಜಯ್ಯ ತೀರಿಕೊಂಡದ್ದು ಯಾವಾಗ?

ಇಂಗ್ಲೆಂಡಿನ ನಮ್ಮ ಕನ್ನಡ ಬಳಗದ ಸಂಚಿಕೆ ನಾಳೆ ಬೆಳಿಗ್ಗೆ ಎಲ್ಲರ ಕೈ ಸೇರಬೇಕು. ಈಗ ರಾತ್ರಿ ಹನ್ನೊಂದೂವರೆ. ನವರಾತ್ರಿಯ ಬಗ್ಗೆ ಬರೆಯೋಣ ಎಂದು ಕೂತವಳು ಮಹಾಲಯದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಕಾರಣ ಮಗಳ ಹೋಮ್‌ವರ್ಕ್. ವಂಶವೃಕ್ಷ ಬರೆದುಕೊಂಡು ಬನ್ನಿ ಎಂದು ಶಾಲೆಯಲ್ಲಿ ಹೇಳಿದ್ದಾರೆ. ಹೆಸರು, ಹುಟ್ಟಿದ ವರ್ಷ, ತೀರಿಕೊಂಡ ವರ್ಷ. ಒಂದು ಹೆಸರಿನ ಹತ್ತಿರ ಪೆನ್ಸಿಲ್ ನಿಲ್ಲಿಸಿ ಕೇಳಿದಳು: "ಅಮ್ಮ, ಇವರು ಇನ್ನೂ ಸತ್ತಿಲ್ವಾ? ನೂರು ದಾಟಿರ್ಬೇಕಲ್ವಾ?"

ಅವಳ ಇಂಗ್ಲಿಷ್ ಗೆಳತಿಯ ಮನೆಯಲ್ಲಿ ಈ ತಾಪತ್ರಯ ಇಲ್ಲ. ಇಂಗ್ಲೆಂಡಿನಲ್ಲಿ 1837ರ ಜುಲೈಯಿಂದ ಹುಟ್ಟು, ಮದುವೆ, ಸಾವು ಎಲ್ಲವೂ ಸರ್ಕಾರದ ಪುಸ್ತಕ ಸೇರುತ್ತಿವೆ. 1866ರಿಂದ ಸಾವಿನ ಸೂಚಿಯಲ್ಲಿ ವಯಸ್ಸೂ ಇರುತ್ತದೆ. ಹೆಸರು ಹಾಕಿದರೆ ಎಷ್ಟೋ ಸಲ ಮುತ್ತಜ್ಜ ಸಿಕ್ಕೇಬಿಡುತ್ತಾನೆ. ಇನ್ನೊಂದು ತಮಾಷೆ ನೋಡಿ. ಬೆಳಗಾವಿಯ ದಂಡಿನಲ್ಲಿ ಜ್ವರ ಬಂದು ಸತ್ತ ಇಂಗ್ಲಿಷ್ ಸೋಲ್ಜರುಗಳ ಸಮಾಧಿಯ ಲೆಕ್ಕ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ, ಇಂಡಿಯಾ ಆಫೀಸಿನ ಕಡತಗಳಲ್ಲಿ ಜೋಪಾನವಾಗಿದೆ. ಅದೇ ದಂಡಿಗೆ ದಿನಾ ಹಾಲು ಹಾಕುತ್ತಿದ್ದವನ ಸಾವನ್ನು ಅಲ್ಲಿ ಹುಡುಕಬೇಡಿ. ಅದು ಚರ್ಚಿನ ಪುಸ್ತಕ, ನಮ್ಮವರಿಗೆ ಅದರಲ್ಲಿ ಜಾಗ ಇಲ್ಲ.

ಮಗಳು ಕೇಳಿದ್ದು ನಮ್ಮ ಅಜ್ಜಯ್ಯನ ಅಣ್ಣ, ದೊಡ್ಡಜ್ಜಯ್ಯನ ಬಗ್ಗೆ. ಕುಂದಾಪುರದ ಕಡೆಯ ಎಷ್ಟೋ ಹುಡುಗರ ಹಾಗೆ ಅವರೂ ಮುಂಬಯಿಯ ಹೋಟೆಲಿಗೆ ಹೋದವರು. ಮೊದಲು ಕಪ್ಪು ಬಸಿ ತೊಳೆದು, ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತರಂತೆ. ಊರಿಗೆ ಬಂದು ಮದುವೆಯಾದರು, ಮತ್ತೆ ಹೋದರು. 1944ರಲ್ಲಿ ಕಾಗದ ನಿಂತಿತು.

ಆ ವರ್ಷ ಏಪ್ರಿಲ್ 14ರಂದು ಮುಂಬಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕಿನ್ ಎಂಬ ಹಡಗು ಸಿಡಿಯಿತು. ಹೊಟ್ಟೆಯಲ್ಲಿ ಹತ್ತಿ ಬೇಲು, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಹತ್ತಿಗೆ ಬೆಂಕಿ ಬಿತ್ತು, ಸಂಜೆ ನಾಲ್ಕರ ಹೊತ್ತಿಗೆ ಬಂದರಿಗೆ ಬಂದರೇ ಹಾರಿಹೋಯಿತು. ಬೆಂಕಿ ಆರಿಸಲು ಹೋಗಿ ಸತ್ತವರು 66 ಮಂದಿ. ಅವರ ನೆನಪಿಗೇ ಇವತ್ತೂ ಏಪ್ರಿಲ್ 14ಕ್ಕೆ ಅಗ್ನಿಶಾಮಕ ದಿನ ನಡೆಯುತ್ತದೆ. ಉಳಿದವರ ಲೆಕ್ಕ ಮಾತ್ರ ಒಬ್ಬರದು 800, ಇನ್ನೊಬ್ಬರದು 1,300. ಕೂಲಿಯವರು, ದಾರಿಹೋಕರು, ಯಾರ ಹೆಸರು ಬರೆದುಕೊಂಡವರು ಯಾರು? ಯುದ್ಧದ ಸೆನ್ಸಾರ್ ಬೇರೆ. ಪತ್ರಿಕೆಗಳಲ್ಲಿ ಸುದ್ದಿ ಬರಲು ವಾರಗಳೇ ಹಿಡಿದವು. ನಮ್ಮೂರಿಗೆ ಅದು ತಲುಪಿದಾಗ ಮನೆಯವರು ಎರಡಕ್ಕೆ ಎರಡು ಸೇರಿಸಿದರು. ಅಣ್ಣ ಡಾಕ್‌ನಲ್ಲೇ ಹೋದ.

ಆದರೆ ಕ್ರಿಯೆ ಮಾಡುವ ಧೈರ್ಯ ಯಾರಿಗೂ ಬರಲಿಲ್ಲ. ಸುದ್ದಿಯಿಲ್ಲದೆ ಹೋದವರಿಗೆ ಹನ್ನೆರಡು ವರ್ಷ ಕಾದು, ದರ್ಭೆಯ ಬೊಂಬೆ ಮಾಡಿ ಸಂಸ್ಕಾರ ಮಾಡುವ ಪದ್ಧತಿ ಇದೆಯಲ್ಲ, ಅದರ ಮಾತು ಜಗಲಿಯಲ್ಲಿ ಎದ್ದಾಗ ಅವರ ಹೆಂಡತಿ ದೊಡ್ಡಜ್ಜಿ ಬಾಗಿಲ ಮರೆಯಿಂದ ಒಂದೇ ಮಾತು ಕೇಳಿದರಂತೆ: "ಹೆಣ ಕಂಡವ್ರ್ ಯಾರ್?" ಅಲ್ಲಿಗೆ ಮಾತು ಮುಗಿಯಿತು.

ನನಗೆ ನೆನಪಿರುವುದು ಮಹಾಲಯದ ದಿನಗಳು. ತಿಥಿ ಗೊತ್ತಿಲ್ಲದವರಿಗೂ ಆ ಅಮಾವಾಸ್ಯೆಯಲ್ಲಿ ಪಾಲು ಇದೆ. ಭಟ್ರು ಒಂದೊಂದೇ ಹೆಸರು ಹೇಳಿಸುತ್ತ ಬಂದು, ಅಜ್ಜಯ್ಯನ ಮುಖ ನೋಡಿ, ದನಿ ತಗ್ಗಿಸಿ ಕೇಳುತ್ತಿದ್ದರು: "ಅಣ್ಣನ ಹೆಸ್ರು ಹೇಳುದಾ?" ಒಳಗೆ ಬಾಣಲೆಯಿಂದ ವಡೆ ಎತ್ತುತ್ತಿದ್ದ ದೊಡ್ಡಜ್ಜಿಯ ಕೈ ನಿಲ್ಲುತ್ತಿತ್ತು. ವಡೆ ಕಪ್ಪಗಾದರೂ ಕೈ ಮುಂದೆ ಹೋಗುತ್ತಿರಲಿಲ್ಲ. "ಈ ವರ್ಷ ಬ್ಯಾಡ" ಎಂದು ಅಜ್ಜಯ್ಯ ಹೇಳಿದ ಮೇಲೆ ಮತ್ತೆ ಎಣ್ಣೆಯ ಚೊಂಯ್ ಸದ್ದು. ನಾವು ಮಕ್ಕಳಿಗೆ ಕಪ್ಪಾದ ವಡೆ ಮೊದಲು ಸಿಗುತ್ತಿತ್ತು, ಅದೇ ಖುಷಿ. ಕೊನೆಯವರೆಗೂ ದೊಡ್ಡಜ್ಜಿಯ ಹಣೆಯ ಮೇಲೆ ಕಾಸಗಲ ಕುಂಕುಮ ಇತ್ತು. ಎದುರಿಗೆ ಆಡದಿದ್ದರೂ ಬೆನ್ನ ಹಿಂದೆ ಆಡಿದವರು ಬೇಕಾದಷ್ಟು ಜನ. ದೊಡ್ಡಜ್ಜಿ ತೀರಿಕೊಂಡ ಮೇಲೆಯೇ ದೊಡ್ಡಜ್ಜಯ್ಯನ ಹೆಸರು ಆ ಪಟ್ಟಿಗೆ ಸೇರಿದ್ದು.

ಹೋದ ಬೇಸಿಗೆಯಲ್ಲಿ ಹಳೇ ಮನೆ ಕೆಡವುವಾಗ ದೊಡ್ಡಜ್ಜಿಯ ಪೆಟ್ಟಿಗೆಯ ಪಂಚಾಂಗದೊಳಗೆ ಒಂದು ಮನಿಯಾರ್ಡರ್ ಕೂಪನ್ ಸಿಕ್ಕಿತು. ಅವರ ತವರುಮನೆಯ ವಿಳಾಸ. ಹದಿನೈದು ರೂಪಾಯಿ. "ಕ್ಷೇಮ. ಸದ್ಯ ಬರುವ ಅಂದಾಜಿಲ್ಲ. ಮನೆಯಲ್ಲಿ ಹೇಳುವುದು ಬೇಡ." ಮುದ್ರೆ ಮುಂಬಯಿಯ ಕಾಲ್ಬಾದೇವಿಯದು, ಆಗಸ್ಟ್ 1945. ಡಾಕ್ ಸಿಡಿದು ವರ್ಷದ ಮೇಲಾಗಿತ್ತು!

ಅಂದರೆ ಅಷ್ಟೂ ವರ್ಷ ದೊಡ್ಡಜ್ಜಿಗೆ ಗೊತ್ತಿತ್ತು. ಮುಂಬಯಿಯಲ್ಲಿ ಬೇರೆ ಸಂಸಾರ ಇತ್ತು ಎಂದು ನಮ್ಮ ಅತ್ತೆ ಈಗಲೇ ತೀರ್ಪು ಕೊಟ್ಟಾಗಿದೆ. ನನಗೆ ಅಷ್ಟು ಅವಸರ ಇಲ್ಲ. ಆದರೆ ಮಗಳ ಹಾಳೆಯಲ್ಲಿ 1944 ಎಂದು ಬರೆಯಲು ನಾನು ಬಿಡಲಿಲ್ಲ. ಅನುಕೂಲಕ್ಕೆ ಸಿಕ್ಕಿದ ಇಸವಿ ಅದು. 1872ರ ಸಾಕ್ಷ್ಯ ಕಾಯ್ದೆಯ 108ನೇ ಕಲಂ ಕೂಡ ಏಳು ವರ್ಷ ಸುದ್ದಿಯೇ ಇಲ್ಲದವರು ಸತ್ತಿದ್ದಾರೆ ಎಂದು ಒಪ್ಪುತ್ತಿತ್ತು, ಯಾವತ್ತು ಸತ್ತರು ಎಂದು ಹೇಳುತ್ತಿರಲಿಲ್ಲ. "1945ರ ನಂತರ" ಎಂದು ಬರೆಸಿದ್ದೇನೆ. ಟೀಚರ್ ಏನನ್ನುತ್ತಾರೋ ನೋಡೋಣ.

ನಿಮ್ಮಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಹುಡುಕಲು ಹೊರಟರೆ ಒಂದು ಮಾತು: ಸಾವು ದಾಖಲಾಗುವುದು ಸತ್ತ ಜಾಗದಲ್ಲಿ. ಊರಿನ ಪುಸ್ತಕ ಎಷ್ಟು ತಿರುವಿದರೂ ಸುಮ್ನೆ ಶ್ರಮ. 1969ರ ಜನನ ಮರಣ ನೋಂದಣಿ ಕಾಯ್ದೆಯಿಂದ ದೇಶವಿಡೀ ಒಂದೇ ನಿಯಮ, ಅದಕ್ಕೆ ಹಿಂದಿನದು ಆಯಾ ಪ್ರಾಂತ್ಯದ ಕಥೆ. ಮುಂಬಯಿಯಲ್ಲಿ ವಾರ್ಡ್ ಲೆಕ್ಕ. ಕಾಲ್ಬಾದೇವಿ, ಚಂದನವಾಡಿ ಸ್ಮಶಾನ ಎರಡೂ ಸಿ ವಾರ್ಡ್. ಹೆಸರು ಕೂಡ ಅಲ್ಲಿ ಜನ ಕರೆದ ಹೆಸರೇ ಇರುತ್ತದೆ. ಊರಲ್ಲಿ ಐತಾಳರಾಗಿದ್ದವರು ಕೂಪನ್ನಿನಲ್ಲಿ ರಾವ್ ಆಗಿದ್ದಾರೆ. ಯುದ್ಧಕಾಲದ ಹಡಗಿನಲ್ಲಿ ಅಡಿಗೆಯವರೋ ಖಲಾಸಿಯೋ ಆಗಿ ಹೋಗಿ ಸತ್ತವರಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿ ನೋಡಿ. ಮುಂಬಯಿ–ಚಿತ್ತಗಾಂಗ್ ಸ್ಮಾರಕದ ಪುಸ್ತಕದಲ್ಲೇ 6,000ಕ್ಕೂ ಹೆಚ್ಚು ಹೆಸರುಗಳಿವೆ. ನಮ್ಮವರು ಅದರಲ್ಲಿ ಸಿಗಲಿಲ್ಲ.

ಮುಂಬಯಿಯಲ್ಲಿ ನಂಟರಿರುವವರು, ಅದರಲ್ಲೂ ಹಳೇ ಮರಾಠಿ ಕೈಬರಹ ಓದಬಲ್ಲವರು ಇದ್ದರೆ ದಯವಿಟ್ಟು ನನಗೊಂದು ಮಾತು ತಿಳಿಸಿ. ವರ್ಷ ತಿಂಗಳು ಗೊತ್ತಿಲ್ಲದೆ ಹುಡುಕಿ ಕೊಡುವುದು ಆಗುವ ಮಾತಲ್ಲ ಎಂದು ವಾರ್ಡ್ ಆಫೀಸಿನವರು ಕೈ ಆಡಿಸಿಬಿಡುತ್ತಾರೆ. ಅಲ್ಲೇ ಕೂತು ಪುಟ ತಿರುವುವವರು ಬೇಕು.

ಜಾಗ ಮುಗಿಯುತ್ತಿದೆ, ಗಡಿಬಿಡಿಯಲ್ಲಿ ಸೂಚನೆಗಳು. ಗೊಂಬೆ ಕೂರಿಸುವವರು ವಿಳಾಸ, ಸಮಯ ಕಳಿಸಿ, ಒಟ್ಟಿಗೆ ಪಟ್ಟಿ ಮಾಡುತ್ತೇವೆ. ಕನ್ನಡ ತರಗತಿ ಹಬ್ಬದ ಭಾನುವಾರ ಇಲ್ಲ, ಮುಂದಿನ ವಾರದಿಂದ ಎಂದಿನಂತೆ. ರಾಜ್ಯೋತ್ಸವ, ಚಳಿಗಾಲಕ್ಕೆಂದು ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ನಂತರದ ಶನಿವಾರ, ಅದೇ ಚರ್ಚ್ ಹಾಲ್. ಮಕ್ಕಳ ನಾಟಕಕ್ಕೆ ಇನ್ನೂ ಇಬ್ಬರು ಬೇಕು, ಕನ್ನಡ ಓದಲು ಬರದಿದ್ದರೂ ನಡೆಯುತ್ತದೆ. ದೀಪಾವಳಿ ಸಂಚಿಕೆಗೆ ಪ್ರೂಫ್ ನೋಡಲು ಯಾರಾದರೂ ಬನ್ನಿ, ನಿಜವಾಗಿಯೂ ಒಬ್ಬಳಿಂದ ಆಗುತ್ತಿಲ್ಲ. ಊಟಕ್ಕೆ ಕೋಸಂಬರಿ ತರುವವರು ಉಪ್ಪು ಮಾತ್ರ ಹಾಲ್‌ಗೆ ಬಂದಮೇಲೆ ಹಾಕಿ. ಹೋದ ವರ್ಷ ನೀರು ಬಿಟ್ಟುಕೊಂಡು ಪಾಯಸದ ಹಾಗಾಗಿತ್ತು.