ತಾಸೆಯ ಪೆಟ್ಟು ಮೆಷಿನ್‌ಗೆ ಹೋಗಲಿ, ಬಾರಿಸಿದವರ ಹೆಸರೂ ಜೊತೆಗೆ ಹೋಗಲಿ

ಮಾನ್ಯ ಸಂಪಾದಕರೇ,

ಮೊನ್ನೆ ನಿಮ್ಮ ಪತ್ರಿಕೆಯ ಓದುಗರ ಅಂಕಣದಲ್ಲಿ ಒಂದು ಪತ್ರ ಬಂದಿತ್ತು, ಟ್ಯಾಬ್ಲೋದಲ್ಲಿ, ರಸಮಂಜರಿಯಲ್ಲಿ ಡ್ರಮ್ ಮೆಷಿನ್ ಬಳಸುವುದನ್ನೇ ನಿಲ್ಲಿಸ್ಬೇಕು, ಇದ್ರಿಂದ ವಾದ್ಯದವರ ಹೊಟ್ಟೆಗೆ ಪೆಟ್ಟು ಬಿದ್ದಿದೆ ಅಂತ. ಬರೆದವರ ಸಂಕಟ ನನಗೆ ಅರ್ಥ ಆಗ್ತದೆ. ನಾನು ಉಡುಪಿ, ಮಂಗಳೂರು ಕಡೆಯ ಆರ್ಕೆಸ್ಟ್ರಾಗಳಲ್ಲಿ ಪ್ಯಾಡ್, ಅಂದ್ರೆ ಪೆಟ್ಟು ಕೊಟ್ರೆ ಒಳಗೆ ಇಟ್ಟ ಸದ್ದು ಬರುವ ಎಲೆಕ್ಟ್ರಾನಿಕ್ ವಾದ್ಯ, ನುಡಿಸುವವನು, ಮದುವೆ, ಮೆಹಂದಿ, ರೋಸ್ (ಕ್ರೈಸ್ತರ ಮದುವೆಯ ಮುಂಚಿನ ಶಾಸ್ತ್ರ), ಊರಿನ ಜಾತ್ರೆ ಎಲ್ಲ ಕಡೆ ಹೋಗ್ತೇನೆ, ಆ ಪತ್ರದಲ್ಲಿ ಹೇಳಿದ ಸ್ಥಿತಿ ಕಣ್ಣಾರೆ ನೋಡಿದ್ದೇನೆ. ಲಾರಿ ಮೇಲೆ ಬಾಕ್ಸ್ ಜೋಡಿಸಿ ಡಿಜೆ ಹಾಕಿದ್ರೆ ಪಕ್ಕದಲ್ಲೇ ತಾಸೆ, ಅಂದ್ರೆ ಹುಲಿವೇಷದ ಚರ್ಮವಾದ್ಯ, ಬಾರಿಸ್ತಿರುವವನಿಗೆ ತನ್ನ ಪೆಟ್ಟು ತನಗೇ ಕೇಳುವುದಿಲ್ಲ. ಆದ್ರೆ ಮೆಷಿನ್ ನಿಲ್ಲಿಸಿದ್ರೆ ಇದು ಸರಿಯಾಗ್ತದೆ ಅಂತ ನನಗೆ ಅನಿಸುವುದಿಲ್ಲ. ನಮ್ಮ ಊರಿನ ವಾದ್ಯಗಳ ಸದ್ದನ್ನು ಸರಿಯಾಗಿ ರೆಕಾರ್ಡ್ ಮಾಡಿ, ಬಾರಿಸಿದವರಿಗೆ ದುಡ್ಡು ಕೊಟ್ಟು, ಹೆಸರು ಹಾಕಿ ಮೆಷಿನ್‌ಗೆ ಹಾಕುವ ಕೆಲಸ ನನಗೆ ಗೊತ್ತಿದ್ದ ಹಾಗೆ ಯಾರೂ ಮಾಡಿಲ್ಲ, ನನ್ನ ಪ್ರಕಾರ ತೊಂದರೆ ಅಲ್ಲಿ ಉಂಟು.

ಮೊದಲಿಗೆ ಒಂದು ವಿಷಯ. ಪೆನ್‌ಡ್ರೈವ್‌ನಲ್ಲಿ ಪೂರ್ತಿ ಟ್ರ್ಯಾಕ್ ತಂದು ಪ್ಲೇ ಒತ್ತಿ ಎದುರು ನಿಂತು ಕೈ ಆಡಿಸುವುದು ಬೇರೆ, ಡ್ರಮ್ ಮೆಷಿನ್ ನುಡಿಸುವುದು ಬೇರೆ. ಮೆಷಿನ್‌ನಲ್ಲಿ ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಇರ್ತದೆ, ಅದನ್ನು ಎಲ್ಲಿ ಇಡಬೇಕು, ಎಷ್ಟು ಜೋರು ಇಡಬೇಕು, ಯಾವಾಗ ತೆಗೀಬೇಕು ಅಂತ ನುಡಿಸುವವನೇ ತೀರ್ಮಾನ ಮಾಡ್ಬೇಕು. 1980ರಲ್ಲಿ ಅಮೆರಿಕದ ರೋಜರ್ ಲಿನ್ ಎಲ್‌ಎಂ-1 ಅಂತ ಒಂದು ಮೆಷಿನ್ ತಂದ್ರು, ನಿಜವಾದ ಡ್ರಮ್‌ನ ಸದ್ದನ್ನು ಡಿಜಿಟಲ್ ಆಗಿ ರೆಕಾರ್ಡ್ ಮಾಡಿ ಒಳಗೆ ಇಟ್ಟ ಮೊದಲ ಡ್ರಮ್ ಮೆಷಿನ್ ಅದು, ಅದೇ ವರ್ಷ ಬಂದ ರೋಲ್ಯಾಂಡ್ ಟಿಆರ್-808ರಲ್ಲಿ ಸ್ಯಾಂಪಲ್, ಅಂದ್ರೆ ಹಾಗೆ ರೆಕಾರ್ಡ್ ಮಾಡಿಟ್ಟ ಸದ್ದು, ಇರ್ಲಿಲ್ಲ, ಸರ್ಕ್ಯೂಟ್‌ನಿಂದಲೇ ಸದ್ದು ಹುಟ್ಟಿಸ್ತಿತ್ತು. ಲಿನ್ ಮೆಷಿನ್‌ಗೆ ಆಗ ಸುಮಾರು 5,000 ಡಾಲರ್ ಬೆಲೆ, ಮೆಮೊರಿ ಎಷ್ಟು ದುಬಾರಿ ಅಂದ್ರೆ ಕ್ರ್ಯಾಶ್ ಸಿಂಬಲ್‌ನ ಉದ್ದ ಸದ್ದು ಹಿಡಿಸ್ಲಿಕ್ಕೆ ಆಗದೆ ಅದನ್ನೇ ಬಿಟ್ಟಿದ್ರು. ಯೋಚನೆ ಮಾಡಿ, ಆ ಮೆಷಿನ್‌ನ ಒಳಗೂ ಇದ್ದದ್ದು ಸ್ಟುಡಿಯೋದಲ್ಲಿ ಕೂತು ಬಾರಿಸಿದ ಒಬ್ಬ ಡ್ರಮ್ಮರ್‌ನ ಕೈಯೇ. ಮನುಷ್ಯನೊಬ್ಬ ಬಾರಿಸದೆ ವಾದ್ಯದ ಸ್ಯಾಂಪಲ್ ಅಂತ ಒಂದು ಹುಟ್ಟುವುದೇ ಇಲ್ಲ.

ಈಗ ನಮ್ಮ ಕಡೆ ನೋಡಿ. ನಾನು ಮುಟ್ಟಿದ ಪ್ಯಾಡ್‌ಗಳಲ್ಲಿ ತಬಲಾ, ಢೋಲಕ್ ಎಲ್ಲ ಕಂಪನಿಯವರೇ ಹಾಕಿ ಕೊಟ್ಟದ್ದು ಉಂಟು, ಆದ್ರೆ ತಾಸೆ ಇಲ್ಲ, ಚೆಂಡೆ ಇಲ್ಲ, ಮಣ್ಣಿನ ಕೊಡದ ಗುಮಟ್ ಇಲ್ಲ, ಕೊರಗ ಸಮುದಾಯದವರ ಡೋಲು ಇಲ್ಲ. ಆದ್ರೆ ಜನ ಹುಲಿವೇಷದ ಪೆಟ್ಟು ಕೇಳಿಯೇ ಕೇಳ್ತಾರೆ, ಆಗ ಹುಡುಗರು ಎಂತ ಮಾಡ್ತಾರೆ ಅಂದ್ರೆ ಯಾರೋ ಕೃಷ್ಣಾಷ್ಟಮಿಯ ಗಲಾಟೆಯಲ್ಲಿ ಮೊಬೈಲ್‌ನಲ್ಲಿ ತೆಗೆದ ವಿಡಿಯೋದಿಂದ ಆಡಿಯೋ ಇಳಿಸಿ, ಅದು ಮೊದಲೇ ಒಡೆದ ಸದ್ದು, ಅದ್ರ ಮೇಲೆ ವಾಟ್ಸಾಪ್‌ನಲ್ಲಿ ನಾಲ್ಕು ಕೈ ದಾಟಿ ಬಂದು ಇನ್ನಷ್ಟು ಹಾಳಾಗಿ, ಅದನ್ನೇ ಲೂಪ್ ಮಾಡಿ, ಅಂದ್ರೆ ತಿರುಗಿ ತಿರುಗಿ ಬರುವ ಹಾಗೆ ಮಾಡಿ, ಪ್ಯಾಡ್‌ಗೆ ಹಾಕ್ತಾರೆ. ಜನರಿಗೆ ಅದೇ ತಾಸೆ ಅಂತ ಅಭ್ಯಾಸ ಆಗಿ ಹೋಗಿದೆ. ಆ ಲೂಪ್‌ನಲ್ಲಿ ಬಾರಿಸಿದವರು ಯಾರು, ಯಾವ ತಂಡದವರು, ಒಬ್ಬರಿಗೂ ಗೊತ್ತಿಲ್ಲ, ಅವರಿಗೆ ಒಂದು ರೂಪಾಯಿ ಬರುವುದಿಲ್ಲ.

ತಾಸೆಯನ್ನು ಸ್ಯಾಂಪಲ್ ಮಾಡುವುದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೇನೆ, ಯಾಕಂದ್ರೆ ಇದು ಸುಲಭ ಅಂತ ತಿಳ್ಕೊಂಡವರೇ ಜಾಸ್ತಿ. ತಾಸೆಗೆ ಸಪೂರ ಕೋಲು, ಪೆಟ್ಟಿನ ಸದ್ದಿಗೆ ತಲೆ ಚೂಪು, ಬಾಲ ಗಿಡ್ಡ, ಅಂದ್ರೆ ಥಟ್ಟನೆ ಶುರುವಾಗಿ ಬೇಗ ಮುಗೀತದೆ. ರೆಕಾರ್ಡ್ ಮಾಡಿದ ಮೇಲೆ ಕೋಲು ಚರ್ಮಕ್ಕೆ ತಾಗಿದ ಜಾಗಕ್ಕೇ ಸರಿಯಾಗಿ ಕತ್ತರಿಸ್ಬೇಕು. ಪೆಟ್ಟಿನ ಮೊದಲು 20 ಮಿಲಿಸೆಕೆಂಡ್ ಖಾಲಿ ಉಳಿದ್ರೆ ಸಾಕು, ನಿಮಿಷಕ್ಕೆ 120 ಮಾತ್ರೆಯ ಟೆಂಪೋದಲ್ಲಿ, ಮೆಷಿನ್‌ಗಳು ಒಂದಕ್ಕೊಂದು ತಾಳ ಹೇಳುವ ಮಿಡಿ ಕ್ಲಾಕ್‌ನ ಒಂದು ಟಿಕ್ಕಿಗೆ ಹತ್ತಿರ ಹತ್ತಿರ ಅಷ್ಟೇ ಸಮಯ, ಅಂದ್ರೆ ಪ್ರತಿ ಪೆಟ್ಟೂ ಒಂದು ಟಿಕ್ ತಡ ಬೀಳ್ತದೆ, ಕೇಳುವವರಿಗೆ ಎಲ್ಲಿ ತಪ್ಪು ಅಂತ ಗೊತ್ತಾಗುವುದಿಲ್ಲ, ಕುಣಿಯುವ ಹುಲಿಯ ಕಾಲಿಗೆ ಮಾತ್ರ ಗೊತ್ತಾಗ್ತದೆ. ಇನ್ನು ಒಂದೇ ಪೆಟ್ಟನ್ನು ಹಿಂದೆ ಹಿಂದೆ ಓಡಿಸಿದ್ರೆ ಮೆಷಿನ್‌ಗನ್ ಹಾಗೆ ಕೇಳ್ತದೆ, ಮನುಷ್ಯನ ಕೈಯಲ್ಲಿ ಎರಡು ಪೆಟ್ಟು ಒಂದೇ ಥರ ಬೀಳುವುದೇ ಇಲ್ಲ. ಹಾಗಾಗಿ ಬಲಗೈದು ಬೇರೆ, ಎಡಗೈದು ಬೇರೆ, ಮೆಲ್ಲ, ಮಧ್ಯಮ, ಜೋರು ಅಂತ ಬೇರೆ ಬೇರೆ, ಪ್ರತಿಯೊಂದನ್ನೂ ನಾಲ್ಕೈದು ಸಲ ಬಾರಿಸಿ ಇಡಬೇಕು. ಮಿಡಿಯಲ್ಲಿ ಪೆಟ್ಟಿನ ಜೋರು 1ರಿಂದ 127ರ ತನಕ ಹೋಗ್ತದೆ, ಅಷ್ಟು ಮೆಟ್ಟಿಲು ಇರುವಾಗ ಒಂದೇ ಸದ್ದನ್ನು ವಾಲ್ಯೂಮ್ ಏರಿಸಿ ಇಳಿಸಿ ಬಳಸುವುದು ವಾದ್ಯಕ್ಕೆ ಮಾಡುವ ಅನ್ಯಾಯ. ಜೋರು ಹೊಡೆದಾಗ ತಾಸೆಯ ಸದ್ದು ದೊಡ್ಡದಾಗುವುದು ಮಾತ್ರ ಅಲ್ಲ, ಅದರ ಬಣ್ಣವೇ ಬದಲಾಗ್ತದೆ. ಗುಮಟ್ ಇನ್ನೂ ಕಷ್ಟ, ಮಣ್ಣಿನ ಕೊಡದ ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು, ಅದನ್ನು ಕೈಯಲ್ಲಿ ಮುಚ್ಚಿ ಬಿಟ್ಟು ಸ್ವರ ಬಗ್ಗಿಸ್ತಾರಲ್ಲ, ಆ ಬಾಗು ಬೇಕಾದ್ರೆ ಮುಚ್ಚಿದ್ದು, ಅರ್ಧ ಬಿಟ್ಟದ್ದು, ಪೂರ್ತಿ ಬಿಟ್ಟದ್ದು ಎಲ್ಲ ಬೇರೆ ಬೇರೆ ತೆಗೀಬೇಕು. ಚೆಂಡೆಯ ಉರುಳಿಕೆಯನ್ನು ಬಿಡಿ ಪೆಟ್ಟಿನಿಂದ ಕಟ್ಟುವುದೇ ಬೇಡ ಅಂತ ನನ್ನ ಅಭಿಪ್ರಾಯ, ಅದನ್ನು ಇಡಿಯಾಗಿಯೇ ರೆಕಾರ್ಡ್ ಮಾಡಬೇಕು.

ಇನ್ನು ಸಿಂಕ್, ಅಂದ್ರೆ ಎಲ್ಲ ಮೆಷಿನ್ ಒಂದೇ ತಾಳದಲ್ಲಿ ಓಡುವುದು. ಸ್ಟೇಜ್ ಮೇಲೆ ಕೀಬೋರ್ಡ್ ಒಂದು ಕಡೆ, ಡ್ರಮ್ ಮೆಷಿನ್ ಒಂದು ಕಡೆ ಓಡಿ ಹಾಡುವವರು ಮಧ್ಯದಲ್ಲಿ ಸಿಕ್ಕಿ ಹಾಕಿಕೊಳ್ಳುವುದನ್ನು ನಮ್ಮಲ್ಲಿ ಬೇಕಾದಷ್ಟು ಸಲ ಕೇಳಿದ್ದೇವೆ, ಜನ ಅದನ್ನೂ ಮೆಷಿನ್‌ನ ತಪ್ಪು ಅಂತ ಹೇಳ್ತಾರೆ. ಮಿಡಿ ಅನ್ನುವುದು 1983ರಲ್ಲಿ ಬಂದದ್ದು, ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್‌ನ ಇಕುಟಾರೊ ಕಾಕೆಹಾಶಿ ಮುಂದೆ ನಿಂತು ಬೇರೆ ಬೇರೆ ಕಂಪನಿಯ ಮೆಷಿನ್‌ಗಳು ಮಾತಾಡುವ ಹಾಗೆ ಮಾಡಿದ್ರು, 2013ರಲ್ಲಿ ಇಬ್ಬರಿಗೂ ಟೆಕ್ನಿಕಲ್ ಗ್ರ್ಯಾಮಿ ಸಿಕ್ಕಿತು. ಆ ಕೇಬಲ್‌ನಲ್ಲಿ ಸದ್ದು ಹೋಗುವುದಿಲ್ಲ, ಬರೀ ಸಂದೇಶ ಹೋಗ್ತದೆ, ಶುರು ಮಾಡು, ನಿಲ್ಲಿಸು, ಮತ್ತೆ ಒಂದು ಮಾತ್ರೆಗೆ 24 ಟಿಕ್. ಯಕ್ಷಗಾನದಲ್ಲಿ ಭಾಗವತರ ಜಾಗಟೆಗೆ ಚೆಂಡೆ ಮದ್ದಳೆ ಹೇಗೆ ಹೋಗ್ತದೋ ಹಾಗೆ ಇಲ್ಲಿಯೂ ಟಿಕ್ ಕೊಡುವ ಮಾಸ್ಟರ್ ಒಂದೇ ಇರ್ಬೇಕು, ಉಳಿದವು ಎಕ್ಸ್‌ಟರ್ನಲ್ ಕ್ಲಾಕ್‌ನಲ್ಲಿ ಇದ್ದು ಅದನ್ನು ಕೇಳ್ಬೇಕು. ಕೀಬೋರ್ಡ್ ಇಂಟರ್ನಲ್ (ತನ್ನದೇ ಕ್ಲಾಕ್), ಮೆಷಿನ್ನೂ ಇಂಟರ್ನಲ್ ಇಟ್ಟರೆ ಎರಡರಲ್ಲೂ 120 ಅಂತ ಬರೆದಿದ್ರೂ ಹಾಡು ಮುಂದೆ ಹೋದ ಹಾಗೆ ಬೇರೆ ಆಗ್ತಾ ಹೋಗ್ತದೆ. ಇನ್ನೊಂದು, ಜನರೇಟರ್ ಇರುವ ಚಪ್ಪರದಲ್ಲಿ ಯುಎಸ್‌ಬಿಗಿಂತ ಹಳೆಯ ಐದು ಪಿನ್ನಿನ ಮಿಡಿ ಕೇಬಲ್ಲೇ ಒಳ್ಳೆಯದು, ಅದರ ಇನ್‌ಪುಟ್‌ನಲ್ಲಿ ಸಂದೇಶವನ್ನು ಬೆಳಕಿನಿಂದ ದಾಟಿಸುವ ಆಪ್ಟೋಕಪ್ಲರ್ ಇರುವುದ್ರಿಂದ ಎರಡು ಮೆಷಿನ್‌ಗೆ ಕರೆಂಟಿನ ಸಂಪರ್ಕ ಇಲ್ಲ, ಆ ದಾರಿಯಲ್ಲಿ ಗುಂಯ್ ಅನ್ನುವ ಹಮ್ ಬರುವುದಿಲ್ಲ, 15 ಮೀಟರ್ ಒಳಗೆ ಇಟ್ಟುಕೊಂಡ್ರೆ ಸಾಕು.

ಆದ್ರೆ ಎಲ್ಲದಕ್ಕೂ ಕ್ಲಾಕ್ ಕಟ್ಟಬೇಡಿ. ಜೊತೆಗೆ ನಿಜವಾದ ತಾಸೆಯವರು ಇದ್ದಾಗ ಮೆಷಿನ್ ಓಡಿಸ್ಲೇಬಾರ್ದು, ಹುಲಿ ಕುಣಿತದಲ್ಲಿ ವೇಗ ಏರುವುದು ಕುಣಿಯುವವನ ಮೈ ನೋಡಿ, ಅಲ್ಲಿ ಪ್ಯಾಡನ್ನು ಕೈಯಲ್ಲೇ ನುಡಿಸಿ ಅವರ ಹಿಂದೆ ಹೋಗ್ಬೇಕು. ಯಕ್ಷಗಾನದ ಹಿಮ್ಮೇಳಕ್ಕೆ, ಭೂತಕೋಲಕ್ಕೆ ಈ ಮೆಷಿನ್ ಬೇಡವೇ ಬೇಡ, ಅದರಲ್ಲಿ ನನಗೆ ಎರಡು ಮಾತಿಲ್ಲ. ರಸಮಂಜರಿಯಲ್ಲಿ, ಹೊಸ ತುಳು ಕೊಂಕಣಿ ಹಾಡಿನ ರೆಕಾರ್ಡಿಂಗ್‌ನಲ್ಲಿ, ನಾಟಕದ ಹಿನ್ನೆಲೆಯಲ್ಲಿ ಬೇಕು. ಮೆಷಿನ್‌ನಲ್ಲಿ 16 ಬಟನ್ ಸಾಲಾಗಿ ಇರುವುದು ನೋಡಿ ನಾಲ್ಕರ ಲೆಕ್ಕಕ್ಕೆ ಮಾತ್ರ ಅಂತ ಹೆದರುವುದು ಬೇಡ, ಪ್ಯಾಟರ್ನ್ ಉದ್ದ 14ಕ್ಕೆ ಇಳಿಸಿದ್ರೆ ಒಂದಕ್ಕೆ ಎರಡು ಬಟನ್ ಲೆಕ್ಕದಲ್ಲಿ ತ್ರಿವುಡೆ ತಾಳದ ಏಳು ಕೂರ್ತದೆ, 10ಕ್ಕೆ ಇಳಿಸಿದ್ರೆ ಒಂದಕ್ಕೆ ಒಂದರ ಲೆಕ್ಕದಲ್ಲಿ ಝಂಪೆ ತಾಳದ ಹತ್ತು.

ದುಡ್ಡಿನ ವಿಷಯಕ್ಕೆ ಬರ್ತೇನೆ. ಒಂದು ವಾದ್ಯದ 200 ಪೆಟ್ಟು, ಒಂದೊಂದು ಎರಡು ಸೆಕೆಂಡ್ ಅಂತ ಹಿಡಿದ್ರೂ, 48 ಕಿಲೋಹರ್ಟ್ಸ್ 16 ಬಿಟ್ ಮೋನೋ ಅನ್ನುವ ಗುಣಮಟ್ಟದಲ್ಲಿ 40 ಎಂಬಿ ಸಹ ಆಗುವುದಿಲ್ಲ. ಆಗ ಲಿನ್ ಅವರಿಗೆ ಮೆಮೊರಿಯ ಕಷ್ಟ ಇತ್ತು, ಈಗ ನಮಗೆ ಯಾವ ಕಷ್ಟವೂ ಇಲ್ಲ. ಖರ್ಚು ಇರುವುದು ವಾದ್ಯದವರ ಸಂಭಾವನೆಗೆ, ಒಳ್ಳೆ ಮೈಕ್‌ಗೆ, ಕತ್ತರಿಸಿ ಜೋಡಿಸುವವರಿಗೆ, ಅದನ್ನು ಕೊಡ್ಲೇಬೇಕು. 2012ರಲ್ಲಿ ಹಕ್ಕುಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಪ್ರದರ್ಶನ ಕೊಟ್ಟ ಕಲಾವಿದರಿಗೆ ತಮ್ಮ ಹೆಸರು ಹೇಳಿಸಿಕೊಳ್ಳುವ ಹಕ್ಕು ಉಂಟು, ಅದು ದೊಡ್ಡ ಗಾಯಕರಿಗೆ ಮಾತ್ರ ಬರೆದದ್ದಲ್ಲ. ಕೊರಗರ ಡೋಲಿನ ವಿಷಯದಲ್ಲಂತೂ ಇದು ಇನ್ನೂ ಮುಖ್ಯ, ಆ ಸಮುದಾಯದವರನ್ನು ಶತಮಾನಗಟ್ಟಲೆ ಬರೀ ಬಾರಿಸ್ಲಿಕ್ಕೆ ಕರೆದು ದೂರ ನಿಲ್ಲಿಸಿದ ಊರು ನಮ್ಮದು, ಅವರು ಒಪ್ಪಿದ್ರೆ ಮಾತ್ರ ರೆಕಾರ್ಡ್ ಮಾಡ್ಬೇಕು, ಎಲ್ಲಿ ಬಳಸಬಾರ್ದು ಅಂತ ಅವರು ಹೇಳಿದ್ರೆ ಅದನ್ನು ಬರೆದು ಇಟ್ಟುಕೊಳ್ಳಬೇಕು.

ಯಾರು ಮಾಡುವುದು ಅಂತ ಕೇಳಿದ್ರೆ, ತುಳು ಅಕಾಡೆಮಿ, ಕೊಂಕಣಿ ಅಕಾಡೆಮಿ ಎರಡೂ ಮಂಗಳೂರಲ್ಲೇ ಉಂಟು, ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಜಾನಪದ ದಾಖಲೆಯ ಅನುಭವ ಉಂಟು, ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಉಂಟು. ಇವರೆಲ್ಲ ಒಟ್ಟಿಗೆ ಕೂತು, ಜೊತೆಗೆ ಪ್ಯಾಡ್ ನುಡಿಸುವ ನಮ್ಮಂಥವರನ್ನೂ ಕರೆದ್ರೆ ಆಗ್ತದೆ, ಇದುವರೆಗೆ ದಾಖಲೆ ಅಂದ್ರೆ ಇಡೀ ಪ್ರದರ್ಶನ ರೆಕಾರ್ಡ್ ಮಾಡಿ ಕಪಾಟಿನಲ್ಲಿ ಇಡುವುದು ಅಂತಲೇ ಆಗಿದೆ, ನಮಗೆ ಬೇಕಾದದ್ದು ನುಡಿಸ್ಲಿಕ್ಕೆ ಬರುವ ಬಿಡಿ ಪೆಟ್ಟು. ಪ್ರತಿ ಫೈಲ್‌ನ ಜೊತೆ ಬಾರಿಸಿದವರ ಹೆಸರು, ಊರು, ಯಾವ ತಿಂಗಳು, ಯಾವ ಚರ್ಮ ಅಂತ ಇರ್ಲಿ. ತಿಂಗಳು ಯಾಕೆ ಅಂದ್ರೆ ಮಳೆಗಾಲದಲ್ಲಿ ಚರ್ಮ ಸಡಿಲ ಆಗಿ ಸದ್ದು ಇಳೀತದೆ, ಅಷ್ಟಮಿ ಹೊತ್ತಿಗೆ ತಾಸೆಯವರು ಆಗಾಗ ಬೆಂಕಿಗೆ ಹಿಡಿದು ಕಾಯಿಸ್ತಾರಲ್ಲ, ಕಾಯಿಸಿದ ಕೂಡಲೆ ಇರುವ ಸದ್ದು ಸ್ವಲ್ಪ ಹೊತ್ತು ಬಿಟ್ಟರೆ ಇರುವುದಿಲ್ಲ.

ಹಾಗಾಗಿ ತಾಸೆ, ಡೋಲಿನವರನ್ನು ದಸರಾ ಗಲಾಟೆ ಎಲ್ಲ ಮುಗಿದು ಬಿಸಿಲು ಬಿದ್ದ ಮೇಲೆ ಕರೀಬಹುದು. ಚೆಂಡೆಯವರು ಯಕ್ಷಗಾನ ಮೇಳ ಹೊರಟ ಮೇಲೆ ರಾತ್ರಿ ಸಿಗುವುದಿಲ್ಲ, ನಿದ್ದೆ ಬಿಟ್ಟು ಹಗಲು ಬನ್ನಿ ಅಂತ ಹೇಳುವುದೂ ಸರಿಯಲ್ಲ, ಅವರಿಗೆ ಪತ್ತನಾಜೆ, ಅಂದ್ರೆ ಮೇ ಕೊನೆಗೆ ಮೇಳದ ತಿರುಗಾಟ ಮುಗಿಯುವ ದಿನ, ಕಳೆದ ಮೇಲಿನ ದಿನ ಇಡಬೇಕು, ಆಗ ಮಳೆ ಇರ್ತದೆ, ತೇವ ತೆಗೆಯುವ ಮೆಷಿನ್ ಇಟ್ಟ ಮುಚ್ಚಿದ ಕೋಣೆ ಒಂದು ಬೇಕಾಗ್ತದೆ. ಸಂಬಂಧಪಟ್ಟವರು ಇದನ್ನು ಓದಿದ್ರೆ ಬರುವ ವರ್ಷದ ಬಜೆಟ್‌ನಲ್ಲಿ ಆ ಕೋಣೆಯ ಖರ್ಚನ್ನೂ ಸೇರಿಸಿ ಇಡಲಿ ಅಂತ ಕೇಳ್ಕೊಳ್ತೇನೆ.

ಇತಿ,
ಒಬ್ಬ ಪ್ಯಾಡ್ ವಾದಕ, ಉಡುಪಿ