ಕರಾವಳಿಯ ಸೆಕೆಗೆ ಬಯಲುಸೀಮೆಯ ಸಲಹೆ ಸಾಲದು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಪತ್ರಿಕೆಗಳಲ್ಲಿ ಅದೇ ಸಲಹೆ: ಕೂಲರ್ ಇಡಿ, ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ. ಗಾಳಿ ಒಣಗಿರುವ ಕಲಬುರಗಿ, ರಾಯಚೂರಿಗೆ ಅದು ಸರಿ. ಕುಮಟಾದ ಮನೆಯೊಳಗೆ ಹೊಲಿಗೆ ಮಷಿನ್ ಮುಂದೆ ಕೂರುವ ನಾನು ಹಾಗೆ ಮಾಡಿದರೆ ಕೋಣೆಯ ಹಬೆ ಇನ್ನಷ್ಟು ಏರಿ, ಗಿರಾಕಿಗಳ ರವಿಕೆಗೂ ಬೆವರಿನ ಕಲೆ ಬೀಳುತ್ತದೆ. ಇಲ್ಲಿ ಬೆವರು ಬರುತ್ತದೆ, ಆರುವುದಿಲ್ಲ. ಅದು ಆರದೆ ಮೈ ತಣಿಯುವುದಾದರೂ ಹೇಗೆ?

ಕರಾವಳಿಯಲ್ಲಿ ಉಷ್ಣಾಂಶ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿದ್ದರೆ ಹವಾಮಾನ ಇಲಾಖೆ ಅದನ್ನು ಬಿಸಿಗಾಳಿ ಎನ್ನುತ್ತದೆ. ಫೆಬ್ರುವರಿ, ಮಾರ್ಚಿನಲ್ಲಿ ಘಟ್ಟದ ಕಡೆಯ ಮೂಡಣ ಗಾಳಿ ಜೋರಾಗಿ, ಕಡಲ ಗಾಳಿ ತಡವಾದ ದಿನ ಹಾಗಾಗುವುದುಂಟು. ಮೇ ತಿಂಗಳಲ್ಲಿ 34 ಡಿಗ್ರಿಗೇ ಜೀವ ಹಿಂಡುವ ಸೆಕೆ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಪೇಪರಿನಲ್ಲಿ ಅಂಕಿ ನೋಡಿದ ಬೆಂಗಳೂರಿನ ನೆಂಟರು ‘ಅಷ್ಟೇನಿಲ್ಲವಲ್ಲ’ ಅನ್ನುತ್ತಾರೆ. ಬಂದು ಒಂದು ರಾತ್ರಿ ಮಲಗಿ ನೋಡಲಿ!

ರಾತ್ರಿಯದೇ ದೊಡ್ಡ ಕಷ್ಟ. ನನ್ನ ತವರು ಶಿರಸಿ ಕಡೆ. ಅಲ್ಲಿ ಹೊತ್ತು ಮುಳುಗಿದ ಮೇಲೆ ತುಸು ತಂಪು ಇಳಿಯುತ್ತದೆ. ಇಲ್ಲಿ ಹಂಚಿನ ಮನೆಯಿದ್ದಾಗ ಸಂದಿಗಳಿಂದ ಬಿಸಿ ಹೊರಹೋಗಿ, ಸಂಜೆಗೆಲ್ಲ ಹಂಚು ಆರುತ್ತಿತ್ತು. ಈಗಿನ ಸ್ಲ್ಯಾಬ್ ಹಗಲೆಲ್ಲ ಹೀರಿದ ಬಿಸಿಯನ್ನು ಮಲಗಿದವರ ಮೇಲೆ ಬಿಡುತ್ತದೆ. ತಾರಸಿಗೆ ಸುಣ್ಣ ಬಳಿದು, ಗಾಳಿ ಆಡುವಷ್ಟು ಎತ್ತರದಲ್ಲಿ ತೆಂಗಿನ ಮಡಲಿನ ಚಪ್ಪರ ಹಾಕಿಸಿದೆವು. ಖರ್ಚು ಕಡಿಮೆ, ಗುಣ ಕಂಡಿದೆ.

ಎಂಬತ್ತು ದಾಟಿದ ನಮ್ಮ ಅತ್ತೆ ಬಾಯಾರಿಕೆ ಎನ್ನುವುದೇ ಇಲ್ಲ. ವಯಸ್ಸಾದವರಿಗೆ ಅದು ಗೊತ್ತಾಗುವುದು ಕಡಿಮೆ. ಕೇಳುತ್ತಾ ಕೂರದೆ ಹೊತ್ತಿಗೊಮ್ಮೆ ಮುರುಗಲ ಪಾನಕ, ಗಂಜಿ ತಿಳಿ, ನೀರು ಮಜ್ಜಿಗೆ ಕೈಗೆ ಕೊಡುತ್ತೇನೆ. ಕುತ್ತಿಗೆ, ತೋಳು ಒದ್ದೆ ಬಟ್ಟೆಯಲ್ಲಿ ಒರೆಸಿ ಫ್ಯಾನಿನ ಗಾಳಿಗೆ ಕೂರಿಸಿದರೆ ಹಾಯೆನಿಸುತ್ತದೆ. ಒದ್ದೆ ಬಟ್ಟೆ ಕಿಟಕಿಗಿಂತ ಮೈಗೇ ಲಾಯಕ್ಕು. ಅವರು ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವುದರಿಂದ ಉಪ್ಪು, ನೀರು ಎಷ್ಟೆಂದು ವೈದ್ಯರನ್ನು ಕೇಳಿಯೇ ಕೊಡುವುದು. ಎಲ್ಲರೂ ಓಆರ್‌ಎಸ್ ಕುಡಿಯಿರಿ ಎಂದು ಬರೆಯುವಾಗ ಬಿಪಿ, ಹೃದಯ, ಕಿಡ್ನಿ ತೊಂದರೆ ಇದ್ದವರಿಗೆ ಈ ಮಾತನ್ನೂ ಒಂದು ಸಾಲಿನಲ್ಲಿ ಸೇರಿಸಿ. ಸೆಕೆಗೆ ಬಳಲಿದವರ ಮಾತು ತೊದಲಿದರೆ, ಗುರುತು ತಪ್ಪಿದರೆ ಪಾನಕ ಮಾಡುತ್ತಾ ನಿಲ್ಲದೆ 108ಕ್ಕೆ ಕರೆ ಮಾಡಬೇಕೆಂಬುದನ್ನೂ.

ಇನ್ನೊಂದು ಕೋರಿಕೆ. ಕಾರವಾರ, ಹೊನ್ನಾವರದ ಹವಾಮಾನ ಕೇಂದ್ರಗಳಲ್ಲಿ ಗಾಳಿಯ ತೇವಾಂಶವನ್ನೂ ಅಳೆಯುತ್ತಾರೆ. ನಮ್ಮ ಜಿಲ್ಲಾ ಪುಟದಲ್ಲಿ ಗರಿಷ್ಠ ಉಷ್ಣಾಂಶದ ಜೊತೆಗೆ ತೇವಾಂಶ, ರಾತ್ರಿಯ ಕನಿಷ್ಠ ಉಷ್ಣಾಂಶ ಎರಡನ್ನೂ ದಿನಾ ಹಾಕಿ. ಅಡಿಕೆ ಧಾರಣೆಗೆ ಸಿಗುವ ಜಾಗದಲ್ಲಿ ಎರಡು ಸಾಲು ಸಾಕು.

– ಹೊಲಿಗೆ ಕೆಲಸದ ಓದುಗಿ, ಕುಮಟಾ